ಓಟದ ಮಂದಿ, ಭಾರದ ಮಂದಿ: ಬೇಲಿ ಜಿಗಿಯೋ ಕುದುರೆ, ಕಲ್ಲು ಎಳೆಯೋ ಎತ್ತು

ಭಾಗ 1/9: ಎರಡು ಪಾರ್ಟಿ

ಕಾರ ಹುಣ್ಣಿಮೆ ಬಂತಂದ್ರೆ ನಮ್ಮ ಕಡೆ ಮಂದಿ ಎರಡು ಪಾರ್ಟಿ ಆಗ್ತಾರ.

ಒಂದು ಪಾರ್ಟಿಗೆ ಕರಿ ಹರಿಯೋದು ಬೇಕು. ಸಂಜೆ ಹೊತ್ತಿಗೆ ಊರ ಅಗಸಿಗೆ ಬೇವಿನ ಎಲೆ ಕಟ್ಟಿದ ಹಗ್ಗ ಬಿಗಿದಿರ್ತಾರ. ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆ ಹಾಕಿದ ಎತ್ತುಗಳು ಓಡಿ ಬರ್ತಾವ. ಯಾವುದು ಮೊದಲು ಹಗ್ಗ ಹರಿತದೋ ಅದೇ ಗೆದ್ದಂಗ. ಬಿಳಿ ಎತ್ತು ಗೆದ್ರೆ ಬಿಳಿಜೋಳ ಚಲೋ ಬರ್ತದ, ಕೆಂದೆತ್ತು ಗೆದ್ರೆ ಮುಂಗಾರಿ ಪೀಕು ಚಲೋ ಬರ್ತದ ಅಂತ ಹಿರಿಯರು ಲೆಕ್ಕ ಹಾಕ್ತಾರ. ಇಷ್ಟೆಲ್ಲಾ ಮುಗಿಯೋಕೆ ಒಂದು ನಿಮಿಷ ಸಾಕು.

ಇನ್ನೊಂದು ಪಾರ್ಟಿಗೆ ಕಲ್ಲು ಬೇಕು. ರಾಯಚೂರಿನಾಗ ಮುನ್ನೂರು ಕಾಪು ಸಮಾಜದವರು ನಡೆಸೋ ಮುಂಗಾರು ಹಬ್ಬ ಗೊತ್ತಲ್ಲ? ಮೂರು ದಿನ ಎತ್ತುಗಳಿಂದ ಭಾರ ಎಳೆಸೋ ಸ್ಪರ್ಧೆ. ಒಂದೂವರೆ ಟನ್, ಎರಡು ಟನ್, ಎರಡೂವರೆ ಟನ್ ಕಲ್ಲು. ನಮ್ಮ ಜಿಲ್ಲೆಯವು ಅಷ್ಟೇ ಅಲ್ಲ, ಆಂಧ್ರ, ತೆಲಂಗಾಣದಿಂದಲೂ ಜೋಡಿ ಲಾರಿಯಲ್ಲಿ ಬರ್ತಾವ. ಅಲ್ಲಿ ಓಟ ಇಲ್ಲ. ಬಿಸಿಲಾಗ ನಿಂತು, ಒಂದೊಂದು ಹೆಜ್ಜೆ ನೋಡಬೇಕು.

ಮೊದಲನೇ ಪಾರ್ಟಿ ಕೇಳ್ತದ: “ಕಲ್ಲು ಜರಗೋದು ನೋಡಾಕ ಏನೈತಲೇ?” ಎರಡನೇ ಪಾರ್ಟಿ ಹೇಳ್ತದ: “ಓಡೋದು ಯಾವ ಎತ್ತಾದ್ರೂ ಓಡ್ತದ.” ಮಟಮಾರಿಯ ಕಟ್ಟಿ ಮ್ಯಾಲೂ ಇದೇ ಜಗಳ, ಮಾನ್ವಿಯ ದೋಸ್ತರ ಜೊತೆಗೂ ಇದೇ ಜಗಳ, ಕಾಲೇಜ್ ಕ್ಯಾಂಟೀನ್‌ನಾಗೂ ಇದೇ.

ಈ ಜಗಳ ನಮ್ಮದಷ್ಟೇ ಅಲ್ಲ ನೋಡ್ರಿ. ಕುದುರೆ ರೇಸಿನ ಲೋಕದಲ್ಲಿ ಇದು ಇನ್ನೂರು ವರ್ಷದ ಜಗಳ. ಅಲ್ಲಿ ಇದರ ಹೆಸರು ಫ್ಲಾಟ್ ರೇಸ್ ಮತ್ತು ಜಂಪ್ ರೇಸ್. ಒಂದರಲ್ಲಿ ಕುದುರೆ ಸಪಾಟಾದ ಹುಲ್ಲಿನ ಮೇಲೆ ಬರೀ ಓಡುತ್ತದೆ. ಇನ್ನೊಂದರಲ್ಲಿ ಬೇಲಿ, ಹಳ್ಳ ಜಿಗಿದು ಓಡುತ್ತದೆ. ಎರಡಕ್ಕೂ ಅಭಿಮಾನಿಗಳು ಬೇರೆ, ಅವರ ಮನಸ್ಸೇ ಬೇರೆ.

ಈ ಒಂಬತ್ತು ಪೋಸ್ಟಿನಲ್ಲಿ ಆ ಜಗಳದ ಇತಿಹಾಸ ಹೇಳ್ತೀನಿ. ಕೊನೆಗೆ ನಮ್ಮ ಕಲ್ಲಿನ ಕಣಕ್ಕೇ ಬರ್ತೀನಿ. ಸೇವ್ ಮಾಡಿಟ್ಕೊಳ್ರಿ.

ಭಾಗ 2/9: ಚರ್ಚಿನ ಗೋಪುರ ನೋಡಿಕೊಂಡು ಓಡಿದವರು

1752, ಐರ್ಲೆಂಡ್. ಕಾರ್ನೀಲಿಯಸ್ ಓಕ್ಯಾಲಹನ್ ಮತ್ತು ಎಡ್ಮಂಡ್ ಬ್ಲೇಕ್ ಅಂತ ಇಬ್ಬರು ಜಿದ್ದಿಗೆ ಬಿದ್ದರು. ಬಟ್ಟೆವಂಟ್ ಊರಿನ ಚರ್ಚಿನಿಂದ ಡೊನರೇಲ್ ಊರಿನ ಚರ್ಚಿಗೆ ಯಾರ ಕುದುರೆ ಮೊದಲು ಮುಟ್ಟುತ್ತದೆ ಅಂತ. ಸುಮಾರು ನಾಲ್ಕೂವರೆ ಮೈಲಿ. ದಾರಿ ಹಿಡಿದು ಹೋಗೋ ಹಂಗಿಲ್ಲ, ಹೊಲದ ಮೇಲೆ ನೆಟ್ಟಗೆ. ನಡುವೆ ಬಂದ ಕಲ್ಲಿನ ಗೋಡೆ, ಬೇಲಿ, ಕಾಲುವೆ ಎಲ್ಲಾ ಜಿಗಿಯಬೇಕು. ದೂರಕ್ಕೆ ಕಾಣುತ್ತಿದ್ದದ್ದು ಚರ್ಚಿನ ಚೂಪು ಗೋಪುರ ಒಂದೇ. ಇಂಗ್ಲಿಷಿನಲ್ಲಿ ಆ ಗೋಪುರಕ್ಕೆ ಸ್ಟೀಪಲ್ ಅಂತಾರೆ. ಆ ಗೋಪುರ ಬೆನ್ನಟ್ಟಿ ಓಡಿದ್ದಕ್ಕೆ ಸ್ಟೀಪಲ್‌ಚೇಸ್ ಅಂತ ಹೆಸರು ಬಂತು. ಒಲಿಂಪಿಕ್ಸ್‌ನಲ್ಲಿ ಮನುಷ್ಯರು ಓಡೋ 3000 ಮೀಟರ್ ಸ್ಟೀಪಲ್‌ಚೇಸ್ ಐತಲ್ಲ, ಅದರ ಹೆಸರೂ ಇಲ್ಲಿಂದಲೇ.

ಅಂದ್ರೆ ಜಂಪ್ ರೇಸ್ ಹುಟ್ಟಿದ್ದು ಹಳ್ಳಿಯ ಹೊಲದಲ್ಲಿ, ಜಿದ್ದಿನಿಂದ.

ಫ್ಲಾಟ್ ರೇಸ್‌ನ ದೊಡ್ಡ ಹಬ್ಬ ಡರ್ಬಿ. 1780ರಲ್ಲಿ ಇಂಗ್ಲೆಂಡಿನ ಎಪ್ಸಮ್‌ನಲ್ಲಿ ಶುರುವಾಯಿತು. ಅದನ್ನು ಕಟ್ಟಿದವರು ಜಮೀನ್ದಾರರು, ದೊರೆಗಳು. ಮೂರು ವರ್ಷದ ಕುದುರೆಗಳಿಗೆ ಮಾತ್ರ ಪ್ರವೇಶ. ಒಂದು ಕುದುರೆ ಜನ್ಮದಲ್ಲಿ ಒಂದೇ ಸಲ ಡರ್ಬಿ ಓಡಬಹುದು. ಅಲ್ಲಿ ಪ್ರಶ್ನೆ ಒಂದೇ: ಯಾವ ತಳಿ ಎಲ್ಲಕ್ಕಿಂತ ಜೋರು?

ಜಂಪ್ ರೇಸ್‌ನ ದೊಡ್ಡ ಹಬ್ಬ ಗ್ರ್ಯಾಂಡ್ ನ್ಯಾಷನಲ್. ಲಿವರ್‌ಪೂಲ್ ಹತ್ತಿರ ಏಂಟ್ರಿ ಅನ್ನೋ ಕಡೆ ನಡೆಯುತ್ತದೆ. 1839ರ ಓಟವನ್ನು ಮೊದಲನೇ ಗ್ರ್ಯಾಂಡ್ ನ್ಯಾಷನಲ್ ಅಂತ ಲೆಕ್ಕ ಹಿಡೀತಾರೆ. ಗೆದ್ದ ಕುದುರೆ ಹೆಸರು ಲಾಟರಿ! ಈಗ ಅದು ಸುಮಾರು 6.9 ಕಿಲೋಮೀಟರ್ ಓಟ, 30 ಜಿಗಿತ. ಡರ್ಬಿ ಎರಡೂವರೆ ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಹೊತ್ತಿನಲ್ಲಿ ಮುಗಿಯುತ್ತದೆ. ನ್ಯಾಷನಲ್ ಒಂಬತ್ತು, ಹತ್ತು ನಿಮಿಷ ನಡೆಯುತ್ತದೆ.

ಒಂದು ನಮ್ಮ ಕರಿ ಹರಿಯೋದರ ಹಂಗ. ಇನ್ನೊಂದು ನಮ್ಮ ಕಲ್ಲಿನ ಹಂಗ.

ಭಾಗ 3/9: ಒಂದೇ ವರ್ಷ, ಎರಡು ಓಟ

ಅಭಿಮಾನಿಗಳ ಮನಸ್ಸು ಅರ್ಥ ಆಗಬೇಕಂದ್ರೆ 1973ಕ್ಕೆ ಹೋಗಬೇಕು. ಆ ವರ್ಷದ ಎರಡೂ ಓಟದ ವಿಡಿಯೋ ಈಗಲೂ ಸಿಗ್ತಾವ. ಎರಡನ್ನೂ ನೋಡ್ರಿ.

ಜೂನ್ 9, ಅಮೆರಿಕದ ಬೆಲ್ಮಾಂಟ್ ಸ್ಟೇಕ್ಸ್, ಫ್ಲಾಟ್ ರೇಸ್. ಸೆಕ್ರೆಟೇರಿಯಟ್ ಅನ್ನೋ ಕೆಂಪು ಕುದುರೆ ಒಂದೂವರೆ ಮೈಲಿಯನ್ನು 2 ನಿಮಿಷ 24 ಸೆಕೆಂಡಿನಲ್ಲಿ ಓಡಿತು. ಎರಡನೇ ಕುದುರೆಗಿಂತ 31 ಕುದುರೆಯುದ್ದ ಮುಂದೆ ಇತ್ತು. ಕ್ಯಾಮೆರಾದವನು ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿಯೋಕೆ ಒದ್ದಾಡಬೇಕಾಯಿತು. ನೋಡಿದವರಿಗೆ ಮೈ ಜುಂ ಅನ್ನುತ್ತದೆ. ಫ್ಲಾಟ್ ರೇಸ್ ಅಭಿಮಾನಿಗೆ ಬೇಕಾಗಿರೋದು ಇದೇ: ಒಂದು ಜೀವ ಎಷ್ಟು ಪರಿಪೂರ್ಣ ಆಗಬಹುದು ಅಂತ ಕಣ್ಣಾರೆ ಕಾಣೋದು.

ಅದೇ ವರ್ಷ ಮಾರ್ಚ್ 31, ಗ್ರ್ಯಾಂಡ್ ನ್ಯಾಷನಲ್. ಕ್ರಿಸ್ಪ್ ಅನ್ನೋ ಆಸ್ಟ್ರೇಲಿಯಾದ ಕುದುರೆ ಎಲ್ಲರನ್ನೂ ಎಷ್ಟೋ ಹಿಂದೆ ಬಿಟ್ಟು ಒಂಟಿಯಾಗಿ ಓಡುತ್ತಿತ್ತು. ಅದರ ಬೆನ್ನ ಮೇಲೆ ಸುಮಾರು 76 ಕೆಜಿ ಭಾರ. ಹಿಂದಿಂದ ಬರುತ್ತಿದ್ದ ರೆಡ್ ರಮ್ ಮೇಲೆ ಅದಕ್ಕಿಂತ 10 ಕೆಜಿ ಕಡಿಮೆ. ಯಾಕಂದ್ರೆ ಇದು ಹ್ಯಾಂಡಿಕ್ಯಾಪ್ ಓಟ, ಬಲ ಹೆಚ್ಚಿದ್ದ ಕುದುರೆಗೆ ಭಾರವೂ ಹೆಚ್ಚು. ಕೊನೆಯ ಬೇಲಿ ದಾಟಿದ ಮೇಲೆ ಕ್ರಿಸ್ಪ್‌ನ ಕಾಲು ಸೋತವು, ಅಡ್ಡಾದಿಡ್ಡಿ ಹೆಜ್ಜೆ ಇಡತೊಡಗಿತು. ಗೆರೆ ಎದುರಿಗೇ ಇತ್ತು. ಅಷ್ಟರಲ್ಲಿ ರೆಡ್ ರಮ್ ಬಂದು ಮುಕ್ಕಾಲು ಕುದುರೆಯುದ್ದದಿಂದ ಗೆದ್ದುಬಿಟ್ಟಿತು. ಎರಡೂ ಹಳೆಯ ದಾಖಲೆಗಿಂತ ಬೇಗ ಓಡಿದ್ದವು.

ಇಲ್ಲಿ ಒಂದು ಮಾತು ಗಮನಿಸಿ. ಬೆಲ್ಮಾಂಟ್‌ನಲ್ಲಿ ಎರಡನೇ ಬಂದ ಕುದುರೆ ಹೆಸರು ರೇಸಿನ ಹುಚ್ಚಿದ್ದವರನ್ನು ಬಿಟ್ಟರೆ ಯಾರಿಗೂ ನೆನಪಿಲ್ಲ. ಆದರೆ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಸೋತ ಕ್ರಿಸ್ಪ್ ಹೆಸರು ಐವತ್ತು ವರ್ಷ ಆದರೂ ಜಂಪ್ ಅಭಿಮಾನಿಗಳ ಬಾಯಲ್ಲಿ ಐತಿ. ಸೋತವನಿಗಾಗಿ ಕಣ್ಣೀರು ಹಾಕೋದು ಆ ಪಾರ್ಟಿಯ ಗುಣ.

ನಮ್ಮ ಕಡೆನೂ ಹಂಗೇ ಅಲ್ಲೇನ್ರಿ? ಕರಿ ಹರಿದ ಎತ್ತು ಯಾರದ್ದು ಅಂತ ಮುಂದಿನ ವರ್ಷಕ್ಕೆ ಮರೆತಿರ್ತೀವಿ. ಗೆರೆ ಮುಟ್ಟೋಕೆ ನಾಲ್ಕು ಅಡಿ ಇದ್ದಾಗ ಮೊಣಕಾಲೂರಿದ ಜೋಡಿಯ ಮಾತು ಹತ್ತು ವರ್ಷ ನಡೀತದ.

ಭಾಗ 4/9: ಬಿಕಾಂ ಹುಡುಗನ ಲೆಕ್ಕ

ಈಗ ಅಕೌಂಟೆನ್ಸಿ ಕ್ಲಾಸ್. ಓಡಬ್ಯಾಡ್ರಿ, ಐದೇ ನಿಮಿಷ.

ಫ್ಲಾಟ್ ಅಭಿಮಾನಿ ಕುದುರೆಯನ್ನು ಬೇಗ ಮರೆಯೋದಕ್ಕೆ, ಜಂಪ್ ಅಭಿಮಾನಿ ಮರೆಯದೇ ಇರೋದಕ್ಕೆ ಮನಸ್ಸಷ್ಟೇ ಕಾರಣ ಅಲ್ಲ, ರೊಕ್ಕವೂ ಕಾರಣ.

ಸೆಕ್ರೆಟೇರಿಯಟ್ ಬೆಲ್ಮಾಂಟ್ ಗೆಲ್ಲೋಕೂ ಮೊದಲೇ ಅದರ ಪಾಲು ಮಾರಿದ್ದರು. ಒಟ್ಟು 32 ಷೇರು, ಒಂದೊಂದಕ್ಕೆ 1,90,000 ಡಾಲರ್. ಗುಣಿಸಿ ನೋಡ್ರಿ, 60,80,000 ಡಾಲರ್. ಆ ಷೇರು ಕೊಂಡವರು ಓಟದ ಬಹುಮಾನಕ್ಕೆ ಕೊಂಡಿರಲಿಲ್ಲ, ಮುಂದೆ ಹುಟ್ಟೋ ಮರಿಗಳಿಗಾಗಿ ಕೊಂಡಿದ್ದರು. ಅದಕ್ಕೇ ಅದು 1973ರ ಕೊನೆಗೆ, ಮೂರನೇ ವಯಸ್ಸಿಗೇ ಓಟ ಬಿಟ್ಟಿತು. ಒಟ್ಟು ಓಡಿದ್ದು 21 ಓಟ. ಅಂದ್ರೆ ಓಡೋದೇ ಆ ಆಸ್ತಿಯ ನಿಜವಾದ ಬೆಲೆ ಅಲ್ಲ. ಓಡಿಸಿ ಅಪಾಯ ಯಾಕೆ ತಗೊಳ್ಳೋದು?

ರೆಡ್ ರಮ್ ಲೆಕ್ಕ ಉಲ್ಟಾ. ಅದು ಗೆಲ್ಡಿಂಗ್, ಅಂದ್ರೆ ಬೀಜ ಒಡೆಸಿದ ಕುದುರೆ. ಮರಿ ಹುಟ್ಟಿಸೋ ಮಾತೇ ಇಲ್ಲ. ಜಂಪ್ ರೇಸ್‌ನ ಬಹುತೇಕ ಗಂಡು ಕುದುರೆಗಳು ಹಂಗೇ ಇರ್ತಾವ. ಡರ್ಬಿಯಲ್ಲಿ ಗೆಲ್ಡಿಂಗ್‌ಗೆ ಪ್ರವೇಶವೇ ಇಲ್ಲ! ಅಂಥ ಕುದುರೆಗೆ ಓಟವೇ ಬಾಳು. ಹತ್ತು, ಹನ್ನೆರಡು ವರ್ಷದವರೆಗೆ ಪ್ರತಿ ಚಳಿಗಾಲ ಅದೇ ಕಣಕ್ಕೆ ಬರುತ್ತದೆ. ರೆಡ್ ರಮ್ 1973, 1974ರಲ್ಲಿ ನ್ಯಾಷನಲ್ ಗೆದ್ದಿತು. 1975, 1976ರಲ್ಲಿ ಎರಡನೇ ಬಂತು. 1977ರಲ್ಲಿ ಹನ್ನೆರಡು ವರ್ಷದ ಮುದುಕ ಆಗಿ ಮತ್ತೆ ಗೆದ್ದಿತು. ಐದು ವರ್ಷ, ತಲಾ 30 ಜಿಗಿತ, ಒಟ್ಟು 150. ಒಮ್ಮೆಯೂ ಬೀಳಲಿಲ್ಲ. ಅದರ ತರಬೇತುದಾರ ಜಿಂಜರ್ ಮೆಕೇನ್ ಕಾರು ಮಾರೋ ಅಂಗಡಿ ಇಟ್ಟವನು. ಕುದುರೆಯನ್ನು ಸಮುದ್ರದಂಡೆಯ ಉಸುಕಿನ ಮೇಲೆ ಓಡಿಸುತ್ತಿದ್ದ. 1995ರಲ್ಲಿ ಸತ್ತಾಗ ರೆಡ್ ರಮ್‌ನನ್ನು ಏಂಟ್ರಿಯ ಗೆಲುವಿನ ಕಂಬದ ಹತ್ತಿರವೇ ಮಣ್ಣು ಮಾಡಿದರು.

ಈಗ ನಮ್ಮ ಮನೆ ಎತ್ತು ನೆನಪು ಮಾಡ್ಕೊಳ್ರಿ. ಬೀಜ ಒಡೆಸಿದ ಹೋರಿಯೇ ಎತ್ತು. ಅದರಿಂದ ಕರು ಇಲ್ಲ, ಹಾಲಿಲ್ಲ. ದುಡಿಮೆ ಒಂದೇ. ಹತ್ತು ಹನ್ನೆರಡು ವರ್ಷ ಒಂದೇ ದಂದಕ್ಕಿಯ ಮುಂದೆ ನಿಲ್ಲುತ್ತದೆ. ಅದಕ್ಕೇ ಅದಕ್ಕೆ ಹೆಸರಿಡ್ತೀವಿ, ಅದರ ಸಿಟ್ಟು ಸೆಡವು ಗೊತ್ತಿರ್ತದ. ನಾನು ಆರನೇ ಕ್ಲಾಸಿನಲ್ಲಿದ್ದಾಗ ನಮ್ಮ ಮನೆ ಜೋಡಿ ಮಾರಿದ್ವಿ, ಆಮೇಲೆ ಬಾಡಿಗೆ ಟ್ರ್ಯಾಕ್ಟರ್. ನಮ್ಮವ್ವ ಈಗಲೂ ಟ್ರ್ಯಾಕ್ಟರಿಗೆ ಹೆಸರಿಟ್ಟಿಲ್ಲ.

ಭಾಗ 5/9: ನಮ್ಮ ಕಡೆಯ ಕುದುರೆ ಎಲ್ಲಾ ಸಪಾಟು

“ಹಂಗಾದ್ರೆ ನಮ್ಮ ದೇಶದಾಗ ಜಂಪ್ ರೇಸ್ ಯಾಕಿಲ್ಲ?” ಅಂತ ಕೇಳ್ತೀರಿ. ಇವತ್ತು ನಮ್ಮ ರೇಸ್ ಕ್ಲಬ್‌ಗಳಲ್ಲಿ ಓಡೋದೆಲ್ಲ ಫ್ಲಾಟ್. ಬೆಂಗಳೂರು ಟರ್ಫ್ ಕ್ಲಬ್ ಆಗಲಿ, 1891ರಲ್ಲಿ ಶುರುವಾದ ಮೈಸೂರು ರೇಸ್ ಕ್ಲಬ್ ಆಗಲಿ, ಎರಡರಲ್ಲೂ ಬೇಲಿ ಇಲ್ಲ. ನಮ್ಮ ರಾಯಚೂರು 1948ರವರೆಗೆ ನಿಜಾಮರ ರಾಜ್ಯದಲ್ಲಿತ್ತು. ಆ ನಿಜಾಮರ ರೇಸಿನ ಮೈದಾನ ಹೈದರಾಬಾದಿನ ಮಲಕ್‌ಪೇಟ್, 1886ರಿಂದ ಅಲ್ಲೇ ಐತಿ. ಅದೂ ಸಪಾಟು.

ರಾಯಚೂರಿಗೆ ಕುದುರೆ ಅಂದ್ರೆ ಮೊದಲು ಆಟ ಅಲ್ಲ, ಯುದ್ಧ. 1520ರಲ್ಲಿ ಕೃಷ್ಣದೇವರಾಯ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹಿಯಿಂದ ರಾಯಚೂರು ಕೋಟೆ ಗೆದ್ದ. ಆ ಯುದ್ಧದ ಕಥೆ ಬರೆದಿಟ್ಟವನು ನೂನಿಜ್, ಪೋರ್ಚುಗೀಸ್ ಕುದುರೆ ವ್ಯಾಪಾರಿ. ಅವನ ಪ್ರಕಾರ ಜಗಳಕ್ಕೆ ನೆಪ ಆದದ್ದೂ ಕುದುರೆಯೇ. ಗೋವಾದಲ್ಲಿ ಕುದುರೆ ಕೊಂಡು ಬಾ ಅಂತ ರಾಯ ಒಬ್ಬನ ಕೈಯಲ್ಲಿ 40,000 ಪರ್ದಾವ್ ನಾಣ್ಯ ಕೊಟ್ಟು ಕಳಿಸಿದ. ಅವನು ರೊಕ್ಕ ಸಮೇತ ಆದಿಲ್ ಶಾಹಿ ಕಡೆಗೆ ಓಡಿಹೋದ. ಅರಬ್ ದೇಶದಿಂದ ಹಡಗಿನಲ್ಲಿ ಬರುತ್ತಿದ್ದ ಕುದುರೆ ಅಷ್ಟು ತುಟ್ಟಿ, ಅಷ್ಟು ಬೇಕಾದ ಮಾಲು.

ಅಂದ್ರೆ ನಮ್ಮ ನಾಡಲ್ಲಿ ಕುದುರೆ ಯಾವತ್ತೂ ರಾಜರ ಮನೆಯದು, ಖಜಾನೆಯದು. ರೈತನ ಮನೆಯದು ಎತ್ತು. ಐರ್ಲೆಂಡಿನಲ್ಲಿ ಹೊಲದ ನಡುವೆ ಕುದುರೆ ಜಿಗಿಸಿದ ಜಿದ್ದು ಇಲ್ಲಿ ಎತ್ತಿನ ನೊಗಕ್ಕೆ ಬಂತು.

ಫ್ಲಾಟ್ ಅಭಿಮಾನಿಗಳ ಪರ ಒಂದು ಮಾತು ಹೇಳಲೇಬೇಕು. “ಅವರು ಕುದುರೆ ನೋಡಲ್ಲ, ರೊಕ್ಕ ನೋಡ್ತಾರ” ಅಂತ ನಾವು ಸುಲಭವಾಗಿ ಅಂದುಬಿಡ್ತೀವಿ. ಆದರೆ ತಂದೆ ತಾಯಿ ಯಾರು, ಹಿಂದಿನ ಓಟ ಹೆಂಗಿತ್ತು, ಇವತ್ತಿನ ಭಾರ ಎಷ್ಟು, ನೆಲ ಹಸಿ ಐತೋ ಒಣ ಐತೋ ಅಂತ ಅವರು ಓದೋದು ದೊಡ್ಡ ಅಭ್ಯಾಸ. 1996ರಲ್ಲಿ ಸುಪ್ರೀಂ ಕೋರ್ಟ್ ಕೂಡ ಕುದುರೆ ರೇಸ್ ಬರೀ ಅದೃಷ್ಟದ ಆಟ ಅಲ್ಲ, ಕೌಶಲದ ಆಟ ಅಂತ ತೀರ್ಪು ಕೊಟ್ಟಿತು. ಅವರದ್ದೂ ಪ್ರೀತಿಯೇ. ಅದು ಅಂಕಿಯ ಮೂಲಕ ಬರೋ ಪ್ರೀತಿ.

ಭಾಗ 6/9: ಕೋಟೆಯ ಗೋಡೆ ಮೇಲಿನ ಚಿತ್ರ

ಈ ಪೋಸ್ಟಿಗೆ ಒಂದು ಫೋಟೋ ಸಾಕು. ರಾಯಚೂರು ಕೋಟೆಯ ಪಶ್ಚಿಮದ ಒಳಗೋಡೆ. ಬಸ್ಸಿಳಿದು ದಿನಾ ಅದರ ಪಕ್ಕದಾಗೇ ಓಡಾಡ್ತೀವಿ, ತಲೆ ಎತ್ತಿ ನೋಡಿದವರು ಕಡಿಮೆ.

ಅಲ್ಲಿ ಒಂದೇ ಕಲ್ಲು ಸುಮಾರು 41 ಅಡಿ ಉದ್ದ ಐತಿ. ಅದರ ಮೇಲೆ ತೆಲುಗು ಶಾಸನ. ಕಾಕತೀಯರ ಕಾಲದಲ್ಲಿ, 1294ರಲ್ಲಿ ಗೋರೆ ಗನ್ನಯ ರೆಡ್ಡಿ ಈ ಕೋಟೆ ಕಟ್ಟಿಸಿದ ಅಂತ ಅದು ಹೇಳುತ್ತದೆ. ಅಷ್ಟು ದೊಡ್ಡ ಕಲ್ಲು ಇಲ್ಲಿಗೆ ಹೆಂಗ ಬಂತು? ಉತ್ತರವನ್ನೂ ಅವರೇ ಕೆತ್ತಿಟ್ಟಿದ್ದಾರೆ. ಗೋಡೆಯ ಇನ್ನೊಂದು ಕಲ್ಲಿನ ಮೇಲೆ ಗೆರೆಯಲ್ಲಿ ಕೊರೆದ ಚಿತ್ರ ಐತಿ: ಗಟ್ಟಿ ಗಾಲಿಯ ಬಂಡಿ, ಬಂಡಿಯ ಮೇಲೆ ಆ ಉದ್ದನೆ ಕಲ್ಲು, ಮುಂದೆ ಕೋಣಗಳ ಉದ್ದ ಸಾಲು. ಸಾಲಿನ ನಡುನಡುವೆ ಹುರುಪು ತುಂಬೋ ಆಳುಗಳು. ಹಿಂದೆ ಸನಿಕೆಯಂಥ ಕೋಲು ಹಾಕಿ ಗಾಲಿ ಮೀಟುತ್ತಿರೋ ಆಳುಗಳು.

ಆ ಚಿತ್ರ ಕೆತ್ತಿಸಿದವರ ಮನಸ್ಸು ಯೋಚನೆ ಮಾಡ್ರಿ. ಕೋಟೆ ಕಟ್ಟಿದ್ದು ದೊಡ್ಡದು ಅಂತ ಶಾಸನದಲ್ಲಿ ಬರೆಸಿದರು. ಕಲ್ಲು ಎಳೆದದ್ದೂ ಅಷ್ಟೇ ದೊಡ್ಡದು ಅನ್ನಿಸಿತು, ಅದಕ್ಕೇ ಚಿತ್ರ ಮಾಡಿಸಿದರು. ಕಷ್ಟದ ಕೆಲಸ ಕಂಡು “ಅಬ್ಬಾ” ಅನ್ನೋ ಅಭಿಮಾನ ರಾಯಚೂರಿಗೆ ಏಳು ನೂರು ವರ್ಷ ಹಳೇದು.

ಇವತ್ತಿನ ಕಲ್ಲಿನ ಕಣಕ್ಕೂ ಆ ಕೋಟೆಗೂ ನೇರ ನಂಟು ಐತಿ ಅಂತ ನಾನು ಹೇಳ್ತಿಲ್ಲ. ಇವತ್ತಿನ ಆಟದ ನಿಯಮ ಬೇರೆ. ನೊಗಕ್ಕೆ ಸರಪಳಿ ಹಾಕಿ ಕಲ್ಲು ಕಟ್ತಾರ. ಇಷ್ಟು ನಿಮಿಷ ಅಂತ ಟೈಮ್ ಕೊಡ್ತಾರ. ಅಷ್ಟರಲ್ಲಿ ಜೋಡಿ ಎಷ್ಟು ಅಡಿ ಎಳೀತು ಅಂತ ಟೇಪ್ ಹಿಡಿದು ಅಳೀತಾರ. ಆಂಧ್ರದ ಕಣಗಳಲ್ಲಿ ಹಲ್ಲು ನೋಡಿ ವರ್ಗ ಮಾಡ್ತಾರ: ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಆಮೇಲೆ ಹಿರಿಯ ಜೋಡಿ. ಬಾಕ್ಸಿಂಗ್‌ನಾಗ ತೂಕದ ವರ್ಗ ಇದ್ದಂಗ. ಎಳೇ ಎತ್ತಿಗೆ ಮುದಿ ಎತ್ತಿನ ಕಲ್ಲು ಕಟ್ಟೋ ಹಂಗಿಲ್ಲ. ಹ್ಯಾಂಡಿಕ್ಯಾಪ್ ಅಂದ್ನಲ್ಲ, ಅದರ ಹಿಂದಿರೋ ನ್ಯಾಯವೂ ಇಂಥದ್ದೇ.

ಭಾಗ 7/9: ಹದಿಮೂರು ಸೆಕೆಂಡಿನ ಕಂಬಳ

ಸ್ವಲ್ಪ ಕರಾವಳಿಗೆ ಹೋಗಿ ಬರೋಣ, ಅಲ್ಲಿ ಎರಡೂ ಪಾರ್ಟಿ ಒಂದೇ ಗದ್ದೆಯಲ್ಲಿ ಸಿಗ್ತಾರೆ.

2020ರ ಫೆಬ್ರವರಿ. ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರ್ ಗದ್ದೆಯನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ 100 ಮೀಟರಿಗೆ ಲೆಕ್ಕ ಹಾಕಿ 9.55 ಅಂದರು. ಉಸೇನ್ ಬೋಲ್ಟ್ ದಾಖಲೆ 9.58. ಅಷ್ಟೇ, ಇಡೀ ದೇಶ ಕಂಬಳದ ಕಡೆ ತಿರುಗಿತು. ಕೋಣದ ಎಳೆತವೂ ಓಟಕ್ಕೆ ಸೇರಿಕೊಂಡಿರ್ತದೆ, ಹಂಗೆ ಹೋಲಿಸೋಕೆ ಬರಲ್ಲ ಅಂತ ಎಷ್ಟೋ ಮಂದಿ ಹೇಳಿದರು. ಯಾರು ಕೇಳ್ತಾರ? ಗಡಿಯಾರದ ಅಂಕಿ ವೈರಲ್ ಆಗಿತ್ತು.

ಅದೇ ಕಂಬಳದಲ್ಲಿ ಕನೆಹಲಗೆ ಅಂತ ಒಂದು ವಿಭಾಗ ಐತಿ. ಅಲ್ಲಿ ವೇಗ ಮುಖ್ಯ ಅಲ್ಲ. ಓಡಿಸುವವರು ತೂತು ಇರೋ ಹಲಗೆ ಮೇಲೆ ಕಾಲಿಟ್ಟು ಹೋಗ್ತಾರೆ. ಆ ತೂತಿನಿಂದ ಕೆಸರುನೀರು ಕಾರಂಜಿಯಂಗೆ ಮೇಲೆ ಚಿಮ್ಮುತ್ತದೆ. ಆರೂವರೆ ಕೋಲು, ಏಳೂವರೆ ಕೋಲು ಎತ್ತರಕ್ಕೆ ಕಟ್ಟಿದ ನಿಶಾನೆಗೆ ನೀರು ಮುಟ್ಟಿತೋ ಇಲ್ಲವೋ ಅನ್ನೋದು ಲೆಕ್ಕ. ಊರ ಹಿರಿಯರು ಕಣ್ಣು ನೆಟ್ಟು ಕಾಯೋದು ಅದಕ್ಕೆ. ಹೊರಗಿನವರ ಮೊಬೈಲಿಗೆ ಅದು ಬರಲೇ ಇಲ್ಲ.

ಯಾಕೆ ಹೇಳ್ತಿದೀನಿ ಅಂದ್ರೆ, ವೇಗ ಯಾವ ಊರಿಗೂ ಅರ್ಥ ಆಗುತ್ತದೆ. ಸೆಕೆಂಡಿಗೆ ಭಾಷಾಂತರ ಬೇಡ. ಕಷ್ಟ ಹಂಗಲ್ಲ. ಆ ಬೇಲಿ ಎಷ್ಟು ಎತ್ತರ, ಆ ಕಲ್ಲು ನೆಲಕ್ಕೆ ಹೆಂಗೆ ಕಚ್ಚುತ್ತದೆ, ಆ ನೀರು ಅಷ್ಟು ಎತ್ತರ ಹೋಗೋಕೆ ಎಷ್ಟು ವರ್ಷದ ಪಳಗು ಬೇಕು ಅನ್ನೋದು ಪಕ್ಕದಲ್ಲಿ ನಿಂತವರಿಗೇ ಗೊತ್ತು. ಅದಕ್ಕೇ ಜಂಪ್ ಅಭಿಮಾನಿಗಳು, ಕಲ್ಲಿನ ಅಭಿಮಾನಿಗಳು ಸ್ವಲ್ಪ ಬಿಗುಮಾನದ ಮಂದಿ. “ನಿಮಗೆ ತಿಳಿಯಲ್ಲ ಬಿಡ್ರಿ” ಅಂತಾರೆ.

ಆ ಮಾತು ಅರ್ಧ ಖರೆ. ಉಳಿದರ್ಧ ಮುಂದಿನ ಪೋಸ್ಟಿನಲ್ಲಿ. ಅದು ಓದೋಕೆ ಸ್ವಲ್ಪ ಕಷ್ಟ ಆಗಬಹುದು.

ಭಾಗ 8/9: ಕಷ್ಟದ ಬೆಲೆ ಯಾರು ಕೊಡ್ತಾರ?

ಜಂಪ್ ಓಟದಲ್ಲಿ ಸಾಯೋ ಕುದುರೆಗಳ ಪ್ರಮಾಣ ಫ್ಲಾಟ್ ಓಟಕ್ಕಿಂತ ಹಲವು ಪಟ್ಟು ಹೆಚ್ಚು. ಇದನ್ನು ಜಂಪ್ ಅಭಿಮಾನಿಯೂ ಒಪ್ಪಲೇಬೇಕು. ಯಾವ ಬೇಲಿ ಆ ಓಟವನ್ನು ಕಥೆ ಮಾಡಿತೋ ಅದೇ ಬೇಲಿ ಕಾಲು ಮುರಿಯುತ್ತದೆ.

ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಬೀಚರ್ಸ್ ಬ್ರೂಕ್ ಅಂತ ಒಂದು ಬೇಲಿ. ಜಿಗಿದ ಮೇಲೆ ಆ ಕಡೆ ನೆಲ ತಗ್ಗು, ಕೆಳಗೆ ಹಳ್ಳ. 1989ರಲ್ಲಿ ಅಲ್ಲಿ ಬಿದ್ದು ಎರಡು ಕುದುರೆ ಸತ್ತವು. ಜನ ರೊಚ್ಚಿಗೆದ್ದರು. ಆಮೇಲೆ ಹಳ್ಳವನ್ನು ಬಹಳ ಮಟ್ಟಿಗೆ ಮುಚ್ಚಿದರು, ಇಳಿಜಾರು ಕಡಿಮೆ ಮಾಡಿದರು. 2013ಕ್ಕೆ ಬೇಲಿಗಳ ಒಳಗಿದ್ದ ಕಟ್ಟಿಗೆಯ ಚೌಕಟ್ಟು ತೆಗೆದು ಬಾಗುವಂಥ ಸಾಮಾನು ಹಾಕಿದರು. 2024ಕ್ಕೆ ಓಡೋ ಕುದುರೆಗಳ ಮಿತಿಯನ್ನು 40ರಿಂದ 34ಕ್ಕೆ ಇಳಿಸಿದರು. ಚಾಟಿಗೂ ಲೆಕ್ಕ ಬಂತು: 2023ರಿಂದ ಬ್ರಿಟನ್ನಿನಲ್ಲಿ ಫ್ಲಾಟ್ ಓಟದಲ್ಲಿ 6 ಏಟು, ಜಂಪ್ ಓಟದಲ್ಲಿ 7 ಏಟಿಗಿಂತ ಹೆಚ್ಚು ಹೊಡೆಯೋ ಹಂಗಿಲ್ಲ.

ಪ್ರತಿ ಬದಲಾವಣೆಗೂ ಹಳೇ ಅಭಿಮಾನಿಗಳು ಗೊಣಗಿದರು. “ಇದು ನ್ಯಾಷನಲ್ಲೇ ಅಲ್ಲ ಈಗ” ಅಂದರು. ಆದರೆ 2024ರ ಓಟ ನೋಡ್ರಿ. 32 ಕುದುರೆ ಓಡಿದವು, 21 ಗುರಿ ಮುಟ್ಟಿದವು, ಒಂದೂ ಬೀಳಲಿಲ್ಲ. ಜನ ಬಂದರು, ಕೂಗಿದರು. ಹಬ್ಬ ಹಬ್ಬವಾಗಿಯೇ ಉಳಿಯಿತು.

ಅಲ್ಲಿಗೆ ಎಲ್ಲಾ ಸರಿಹೋಯಿತು ಅಂತಲ್ಲ. 2025ರಲ್ಲಿ ಸೆಲೆಬ್ರ್ ದಾಲೆನ್ ಅನ್ನೋ 13 ವರ್ಷದ ಕುದುರೆ ಕೊನೆಯ ಬೇಲಿ ದಾಟಿದ ಮೇಲೆ ಕುಸಿಯಿತು. ಕೆಲವೇ ದಿನದಲ್ಲಿ ಸತ್ತಿತು. ಆಸ್ಟ್ರೇಲಿಯಾದಲ್ಲಂತೂ ಒಂದೊಂದೇ ರಾಜ್ಯ ಜಂಪ್ ರೇಸ್ ಬಿಟ್ಟಿತು, ಈಗ ಉಳಿದಿರೋದು ವಿಕ್ಟೋರಿಯಾ ಒಂದರಲ್ಲೇ. ಕ್ರಿಸ್ಪ್ ಬಂದ ನೆಲ ಅದು.

ಇದರಿಂದ ನನಗೆ ತಿಳಿದದ್ದು ಒಂದೇ ಮಾತು. ಓಟ ಪ್ರೀತಿಸೋರಿಗಿಂತ ಕಷ್ಟ ಪ್ರೀತಿಸೋರ ಮೇಲೆ ಜವಾಬ್ದಾರಿ ಹೆಚ್ಚು. ಯಾಕಂದ್ರೆ ನಾವು ಚಪ್ಪಾಳೆ ಹೊಡೆಯೋದು ಪ್ರಾಣಿಯ ಶಕ್ತಿಯ ತುದಿಗೆ. ಆ ತುದಿ ಎಲ್ಲಿ ಮುಗಿಯುತ್ತದೆ ಅಂತ ಹತ್ತಿರದಿಂದ ನೋಡಿ ಬಲ್ಲವರೂ ನಾವೇ. “ನಿಮಗೆ ತಿಳಿಯಲ್ಲ” ಅಂತ ಬೇರೆಯವರಿಗೆ ಹೇಳೋ ಹಕ್ಕು ಬೇಕಾದರೆ, “ಇಲ್ಲಿಗೆ ಸಾಕು” ಅಂತ ಮೊದಲು ಹೇಳೋರೂ ನಾವೇ ಆಗಬೇಕು.

ಭಾಗ 9/9: ನಮ್ಮ ಕಣ, ನಮ್ಮ ಮಾತು

ಈಗ ಕಾನೂನು. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960. ಅದರ 11ನೇ ಸೆಕ್ಷನ್ನಿನ ಮೊದಲ ಸಾಲಿನಲ್ಲೇ ಯಾವುದು ಕ್ರೌರ್ಯ ಅಂತ ಪಟ್ಟಿ ಐತಿ. ಹೊಡೆಯೋದು, ಒದೆಯೋದರ ಜೊತೆಗೇ ಎರಡು ಮಾತು ಬರುತ್ತವೆ: ಮಿತಿ ಮೀರಿ ಓಡಿಸೋದು, ಮಿತಿ ಮೀರಿ ಭಾರ ಹೇರೋದು. ಓಟದ ಪಾರ್ಟಿ, ಭಾರದ ಪಾರ್ಟಿ ಇಬ್ಬರನ್ನೂ ಕಾನೂನು ಒಂದೇ ಸಾಲಿನಲ್ಲಿ ನಿಲ್ಲಿಸಿದೆ ನೋಡ್ರಿ.

2014ರ ಮೇ 7ರಂದು ಸುಪ್ರೀಂ ಕೋರ್ಟ್ ನಾಗರಾಜ ಪ್ರಕರಣದಲ್ಲಿ ಜಲ್ಲಿಕಟ್ಟು, ಎತ್ತಿನ ಗಾಡಿ ಓಟ ಎಲ್ಲಾ ನಿಲ್ಲಿಸಿತು. ಆಮೇಲೆ ಕಂಬಳವೂ ನಿಂತಿತು. 2017ರಲ್ಲಿ ನಮ್ಮ ರಾಜ್ಯ ಕಾಯ್ದೆಗೆ ತಿದ್ದುಪಡಿ ತಂದು ಕಂಬಳ, ಎತ್ತಿನ ಓಟ, ಎತ್ತಿನ ಗಾಡಿ ಓಟಕ್ಕೆ ದಾರಿ ಮಾಡಿತು. 2023ರ ಮೇ 18ರಂದು ಐದು ನ್ಯಾಯಮೂರ್ತಿಗಳ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕದ ತಿದ್ದುಪಡಿಗಳನ್ನು ಎತ್ತಿ ಹಿಡಿಯಿತು. ಆದರೆ ನಿಯಮ ಪಾಲಿಸಿ ನಡೆಸಬೇಕು ಅನ್ನೋ ಷರತ್ತು ಅದರ ಜೊತೆಗೇ ಐತಿ. ಗೆದ್ದೆವು ಅಂತ ಪಟಾಕಿ ಹೊಡೆದವರು ಷರತ್ತಿನ ಭಾಗ ಓದಿದ್ದು ಕಡಿಮೆ.

ನಮಗೆ ಇದರಾಗ ಏನು ಹೋಗೋದೈತಿ ಅಂದ್ರೆ, ಜೋಡಿ ಎತ್ತೇ ಹೋಗೋದೈತಿ. ಹೊಲಕ್ಕೆ ಟ್ರ್ಯಾಕ್ಟರ್ ಬಂತು. ದೇವದುರ್ಗ, ಮಾನ್ವಿ ಕಡೆ ಇವತ್ತು ಲಕ್ಷ ಲಕ್ಷ ಕೊಟ್ಟು ಭಾರೀ ಜೋಡಿ ಕಟ್ಟೋರು ಬಹಳಷ್ಟು ಮಂದಿ ಹೊಲಕ್ಕಾಗಿ ಕಟ್ಟಲ್ಲ, ಕಣಕ್ಕಾಗಿ ಕಟ್ತಾರ. ಕಣ ನಿಂತರೆ ಆ ಜೋಡಿ ಕೊಟ್ಟಿಗೆಯಲ್ಲಿ ನಿಲ್ಲಲ್ಲ. ಕಣದಲ್ಲಿ ಕ್ರೌರ್ಯ ನಡೆದರೆ ಕಣವೂ ನಿಲ್ಲಲ್ಲ. ಅಂದ್ರೆ ಎತ್ತು ಉಳಿಯೋದು ನಮ್ಮ ನಡತೆ ಮೇಲೆ ನಿಂತೈತಿ.

ಮುಂದಿನ ಕಾರ ಹುಣ್ಣಿಮೆಗೆ ಕಣಕ್ಕೆ ಹೋಗೋ ದೋಸ್ತರಿಗೆ ಮೂರು ಮಾತು.

ಒಂದು, ಬಾರುಕೋಲು ಎಷ್ಟು ಸಲ ಬಿತ್ತು ಅಂತ ಎಣಿಸ್ರಿ. ಅಡಿ ಎಣಿಸೋರು ಇದ್ದಂಗ ಏಟು ಎಣಿಸೋರೂ ಬೇಕು. ಕೋಲೇ ಇಲ್ಲದೆ ಬರೀ ಕೂಗಿನಲ್ಲಿ ಜೋಡಿ ನಡೆಸೋ ಮಂದಿ ಇದಾರ, ಅವರ ವಿಡಿಯೋ ಹಾಕ್ರಿ.

ಎರಡು, ಎತ್ತು ಮೊಣಕಾಲೂರಿದ ರೀಲ್ಸಿಗೆ ಹಿಂದೆ ಹಾಡು ಹಾಕಬ್ಯಾಡ್ರಿ. ಅದು ಎತ್ತಿನ ಸೋಲಲ್ಲ, ಭಾರ ನಿಗದಿ ಮಾಡಿದವರ ತಪ್ಪು ಲೆಕ್ಕ.

ಮೂರು, ಕಣದ ಪಕ್ಕ ಪಶುವೈದ್ಯರು, ನೆರಳು, ನೀರು ಐತೇನು ಅಂತ ಸಂಘಟಕರನ್ನು ಕೇಳ್ರಿ. ಕೇಳೋದು ಹಬ್ಬದ ವಿರೋಧ ಅಲ್ಲ. ಏಂಟ್ರಿಯಲ್ಲಿ ಹಳ್ಳ ಮುಚ್ಚಿಸಿದ್ದೂ ಜನರ ಪ್ರಶ್ನೆಯೇ.

ಓಟದ ಪಾರ್ಟಿಯವರು ನಗಬ್ಯಾಡ್ರಿ, ಅಗಸಿ ಮುಂದೆ ಬೆದರಿ ಓಡೋ ಎತ್ತಿನ ಲೆಕ್ಕ ನಿಮ್ಮದು.

ಆರನೇ ಭಾಗದಲ್ಲಿ ಹೇಳಿದ ಕೋಟೆಯ ಚಿತ್ರ ಈ ವಾರ ಒಮ್ಮೆ ಹೋಗಿ ನೋಡಿ ಬರ್ರಿ. ಕೋಣಗಳಷ್ಟೇ ಎಳೀತಿಲ್ಲ ಅಲ್ಲಿ. ಹಿಂದೆ ನಿಂತ ಆಳುಗಳೂ ಕೋಲು ಹಾಕಿ ಗಾಲಿ ಮೀಟ್ತಿದಾರ. ಸುಮ್ನೆ ನಿಂತು ನೋಡೋರನ್ನ ಆ ಕಾಲದವರು ಕೆತ್ತಿಸಿಲ್ಲ.

ನಿಮ್ಮ ಊರಿನ ಜೋಡಿಯ ಹೆಸರು ಕಾಮೆಂಟಿನಲ್ಲಿ ಹಾಕ್ರಿ. ಮಾಲಕರ ಹೆಸರು ಬ್ಯಾಡ, ಎತ್ತಿನ ಹೆಸರು ಸಾಕು.

#ರಾಯಚೂರು #ಮಟಮಾರಿ #ಕಾರಹುಣ್ಣಿಮೆ #ಮುಂಗಾರುಹಬ್ಬ